ಉಪ್ಪುನೀರಿನ ಸುತ್ತು: ಚಿನ್ನದ ಪ್ರಯಾಣ ತೋರಿಸಲು ಕಟ್ಟಿದ ಗಾಜಿನ ಮಾದರಿ

"ಚಿನ್ನ ಯಾವುದಕ್ಕೂ ಕರಗಲ್ಲ ಅಂತೀಯಲ್ಲ ಮಾಮ, ಮತ್ತೆ ನೀರು ಅದನ್ನ ಹೇಗೆ ಹೊತ್ಕೊಂಡು ಬರುತ್ತೆ?"

ಅಕ್ಕನ ಮಗಳು ಕೇಳಿದ ಪ್ರಶ್ನೆ ಇದು. ಬಿಳಿ ಬೆಣಚುಕಲ್ಲಿನ ನಡುವೆ ಚಿನ್ನದ ಎಳೆ ಕೂತಿರುವ ಫೋಟೋ ನೋಡುತ್ತಿದ್ದಳು. ಭೂಮಿಯ ಒಳಗಿನ ಬಿಸಿ ಉಪ್ಪುನೀರು ಚಿನ್ನವನ್ನು ಆ ಬಿರುಕಿಗೆ ತಂದು ಹಾಕಿದೆ ಅಂತ ನಾನೇ ಹೇಳಿದ್ದೆ. ಅವಳು ತಿರುಗಿ ಕೇಳಿದಾಗ ಉತ್ತರ ಗೊತ್ತಿತ್ತು, ಆದರೆ ಕಣ್ಣಿಗೆ ಕಟ್ಟುವ ಹಾಗೆ ಹೇಳಲು ಬರಲಿಲ್ಲ. ಆ ಸಂಜೆಯೇ ಕಾಗದದ ಮೇಲೆ ಒಂದು ಚೌಕ ಬರೆದೆ. ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು, ನಡುವೆ ತಾನೇ ಸುತ್ತುವ ನೀರು. ಇಷ್ಟನ್ನು ಗಾಜಿನಲ್ಲಿ ಕಟ್ಟಿದರೆ ಆಯ್ತಲ್ವಾ ಅಂದುಕೊಂಡೆ. ಸರಿಹೋಗಲು ಐದು ವಾರ ಬೇಕಾಯಿತು.

ಕಟ್ಟಿದ್ದು ಹೀಗೆ. 10 ಮಿಲಿಮೀಟರ್ ಒಳವ್ಯಾಸದ ಬೋರೋಸಿಲಿಕೇಟ್ ಗಾಜಿನ ಕೊಳವೆಗಳು. ಎರಡು ನಿಲುವು ತೋಳು, ತಲಾ 60 ಸೆಂಟಿಮೀಟರ್. ಮೇಲೆ ಕೆಳಗೆ 25 ಸೆಂಟಿಮೀಟರಿನ ಅಡ್ಡ ತೋಳು. ನಾಲ್ಕು ಮೂಲೆಗೂ ಸಿಲಿಕೋನ್ ಟ್ಯೂಬ್. ಎಡ ತೋಳಿನ ಬುಡಕ್ಕೆ 12 ವೋಲ್ಟಿನ, 40 ವಾಟಿನ ಸಿಲಿಕೋನ್ ಹೀಟರ್ ಪಟ್ಟಿ ಸುತ್ತಿದೆ. ಬಲ ತೋಳಿನ ಮೇಲರ್ಧಕ್ಕೆ ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ ತೊಡಿಸಿ ಐಸ್ ನೀರು ತುಂಬಿದೆ. ಎರಡೂ ತೋಳಿಗೆ ಒಂದೊಂದು ಥರ್ಮೋಕಪಲ್. ಮೇಲಿನ ಮೂಲೆಯಲ್ಲಿ ತೆರೆದ ಬಾಯಿಯ ಒಂದು ಬಟ್ಟಲು, ನೀರು ಹಿಗ್ಗಿದರೆ ಅಲ್ಲಿಗೆ ಏರಲಿ ಅಂತ. ಈ ಬಾಯಿಯನ್ನು ಯಾವತ್ತೂ ಮುಚ್ಚಬೇಡಿ. ಮುಚ್ಚಿ ಬಿಸಿ ಮಾಡಿದ ಗಾಜಿನ ಸುತ್ತು ಒಂದು ಬಾಂಬ್.

ಪಂಪು ಇಲ್ಲ. ಬಿಸಿ ನೀರು ಹಗುರ, ಮೇಲೇಳುತ್ತದೆ. ತಂಪು ನೀರು ಭಾರ, ಕೆಳಗಿಳಿಯುತ್ತದೆ. ಭೂಮಿಯ ಒಳಗೂ ಎಷ್ಟೋ ಕಡೆ ನೀರು ಓಡುವುದು ಇದೇ ಬಲದಿಂದ. ಅಲ್ಲಿ ಹೀಟರ್ ಅಂದರೆ ಆಳದಲ್ಲಿ ತಣಿಯುತ್ತಿರುವ ಶಿಲಾಪಾಕ.

ಮೊದಲ ಭರ್ತಿಯಲ್ಲೇ ನನ್ನ ಯೋಚನೆ ತಪ್ಪಿತ್ತು. ಬಿಸಿ ಕಡೆ ಉಪ್ಪು ಕರಗಲಿ, ತಂಪು ಕಡೆ ಹರಳಾಗಿ ಬೀಳಲಿ, ಅದೇ ಚಿನ್ನ ಅಂತ ತೋರಿಸೋಣ ಅಂದುಕೊಂಡಿದ್ದೆ. ಅಡುಗೆ ಉಪ್ಪನ್ನು ಕರಗುವಷ್ಟೂ ಕರಗಿಸಿ ತುಂಬಿದೆ. ಎರಡು ಗಂಟೆ ಕಾದರೂ ಕಾಣುವಂಥದ್ದು ಏನೂ ಬೀಳಲಿಲ್ಲ. ಆಮೇಲೆ ಕೋಷ್ಟಕ ತೆಗೆದು ನೋಡಿದೆ. 100 ಗ್ರಾಂ ನೀರಿನಲ್ಲಿ 20 ಡಿಗ್ರಿಗೆ ಸುಮಾರು 36 ಗ್ರಾಂ ಉಪ್ಪು ಕರಗುತ್ತದೆ. 100 ಡಿಗ್ರಿಗೆ ಸುಮಾರು 39. ಅಷ್ಟೇ. ಉಪ್ಪಿಗೆ ಬಿಸಿಯ ಪರಿವೆಯೇ ಇಲ್ಲ.

ಆಗ ಹೊಳೆಯಿತು. ಈ ಕಥೆಯಲ್ಲಿ ಉಪ್ಪು ಪ್ರಯಾಣಿಕ ಅಲ್ಲ, ಗಾಡಿ. ಗಾಡಿಯನ್ನೇ ಇಳಿಸಲು ನೋಡುತ್ತಿದ್ದೆ ನಾನು. ಪ್ರಯಾಣಿಕನಾಗಿ ಬೇರೊಂದು ಲೋಹ ಬೇಕು, ಅದು ಗಾಡಿ ಹತ್ತಿದ್ದು ಕಣ್ಣಿಗೆ ಕಾಣಬೇಕು. ಅದಕ್ಕೆ ತಾಮ್ರ ಸರಿಯಾದ ಲೋಹ. ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ನೀರಿಗೆ ಹಾಕಿದರೆ ತಾಮ್ರದ ಅಯಾನನ್ನು, ಅಂದರೆ ವಿದ್ಯುದಾವೇಶ ಇರುವ ತಾಮ್ರದ ಕಣವನ್ನು, ನೀರಿನ ಅಣುಗಳು ಸುತ್ತುವರಿಯುತ್ತವೆ, ಬಣ್ಣ ತಿಳಿನೀಲಿ. ಅದಕ್ಕೆ ಉಪ್ಪು ಹಾಕುತ್ತಾ ಹೋದರೆ ನೀರಿನ ಅಣುಗಳನ್ನು ಸರಿಸಿ ಉಪ್ಪಿನಲ್ಲಿರುವ ಕ್ಲೋರೈಡ್ ಬಂದು ಅಂಟಿಕೊಳ್ಳುತ್ತದೆ, ಬಣ್ಣ ಹಸಿರಾಗುತ್ತದೆ. ಬಿಸಿ ಮಾಡಿದರೆ ಈ ಅಂಟು ಇನ್ನೂ ಜಾಸ್ತಿ, ಹಸಿರು ಗಾಢ. ತಣಿಸಿದರೆ ಮತ್ತೆ ನೀಲಿಯ ಕಡೆಗೆ.

ಚಿನ್ನಕ್ಕೂ ಹೀಗೇ ಜೊತೆ ಬೇಕು. ಅಕ್ವಾ ರೀಜಿಯಾ ವಿಷಯ ನಿಮಗೆ ಗೊತ್ತಿರಬಹುದು. ಬರೀ ನೈಟ್ರಿಕ್ ಆಮ್ಲಕ್ಕೆ ಚಿನ್ನ ಬಗ್ಗುವುದಿಲ್ಲ, ಬರೀ ಹೈಡ್ರೋಕ್ಲೋರಿಕ್ ಆಮ್ಲಕ್ಕೂ ಬಗ್ಗುವುದಿಲ್ಲ. ಎರಡನ್ನೂ ಬೆರೆಸಿದರೆ ಕರಗುತ್ತದೆ. ನೈಟ್ರಿಕ್ ಆಮ್ಲ ಚಿನ್ನದ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಆ ಕ್ಷಣವೇ ಕ್ಲೋರೈಡ್ ಬಂದು ಅದನ್ನು ಹಿಡಿದುಕೊಳ್ಳುತ್ತದೆ, ವಾಪಸ್ ಲೋಹವಾಗಲು ಬಿಡುವುದಿಲ್ಲ. ಭೂಮಿಯ ಒಳಗೂ ಹಿಡಿದುಕೊಳ್ಳುವವರು ಬೇಕು. ಸುಮಾರು 400 ಡಿಗ್ರಿ ದಾಟಿದ, ತುಂಬಾ ಉಪ್ಪಾದ, ಆಮ್ಲೀಯ ದ್ರವದಲ್ಲಿ ಎರಡು ಕ್ಲೋರೈಡ್‌ಗಳು ಒಂದು ಚಿನ್ನದ ಅಯಾನನ್ನು ಹೊರುತ್ತವೆ. ಅದಕ್ಕಿಂತ ತಂಪಾದ, ಗಂಧಕ ಇರುವ ದ್ರವದಲ್ಲಿ ಆ ಕೆಲಸ ಗಂಧಕ, ಹೈಡ್ರೋಜನ್ ಸೇರಿದ ಅಯಾನಾದ ಬೈಸಲ್ಫೈಡ್‌ನದು. ಭೂರಸಾಯನ ವಿಜ್ಞಾನಿ ಟೆರಿ ಸೀವರ್ಡ್ 1973ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಈ ಎರಡನೇ ಗಾಡಿಯನ್ನು. ಮೂರು ಗಂಧಕದ ಪರಮಾಣು ಸೇರಿದ ಒಂದು ಅಯಾನೂ ಚಿನ್ನ ಹೊರುತ್ತದೆ ಅಂತ 2015ರಲ್ಲಿ ಪೊಕ್ರೊವ್‌ಸ್ಕಿ ತಂಡ ಹೇಳಿತು. ನನ್ನ ಮೇಜಿನ ಮೇಲೆ ಗಂಧಕದ ಅನಿಲ ಬೇಡ, ಅದು ವಿಷ. ಹಾಗಾಗಿ ನನ್ನ ಸುತ್ತಿನಲ್ಲಿ ಕ್ಲೋರೈಡ್ ಒಂದೇ.

ಲೀಟರಿಗೆ 25 ಗ್ರಾಂ ಮೈಲುತುತ್ತ ಇಟ್ಟುಕೊಂಡು ಉಪ್ಪಿನ ಅಳತೆ ಹುಡುಕಿದೆ. 50 ಗ್ರಾಂ ಉಪ್ಪಿಗೆ ಬಿಸಿ ಮಾಡಿದರೂ ನೀಲಿಯೇ ಮುಂದು. 300 ಗ್ರಾಂಗೆ ತಣ್ಣಗಿದ್ದರೂ ಹಸಿರು. 150 ಗ್ರಾಂನಲ್ಲಿ ಬಿಸಿಗೂ ತಂಪಿಗೂ ವ್ಯತ್ಯಾಸ ಚೆನ್ನಾಗಿ ಕಂಡಿತು. ಸಮುದ್ರದ ನೀರಿನಲ್ಲಿ ಕೆಜಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಶಿಲಾಪಾಕದ ಹತ್ತಿರದ ಕೆಲವು ದ್ರವಗಳಲ್ಲಿ ತೂಕದ ನೂರಕ್ಕೆ 30 ಪಾಲಿಗಿಂತ ಜಾಸ್ತಿ ಉಪ್ಪು. ಹೋಲಿಸಿ ನೋಡಿದರೆ ನನ್ನದು ಮಧ್ಯಮ ಉಪ್ಪುನೀರು.

ತುಂಬಿ ಹೀಟರ್ ಹಾಕಿದೆ. ಇಡೀ ಸುತ್ತು ಒಂದೇ ಬಣ್ಣ.

ಎಡ ತೋಳು 52 ಡಿಗ್ರಿ, ಬಲ ತೋಳು 46. ಆರೇ ಡಿಗ್ರಿ ವ್ಯತ್ಯಾಸ. ಹೀಟರ್ ಸಾಲದು ಅಂದುಕೊಂಡು ದೊಡ್ಡದು ಹುಡುಕಲು ಹೊರಟಿದ್ದೆ. ಅದೃಷ್ಟಕ್ಕೆ ಮೊದಲು ಸಾದಾ ನೀರು ತುಂಬಿ, ಒಂದು ಹನಿ ಬಣ್ಣ ಬಿಟ್ಟು ನೋಡಿದೆ. ಬಣ್ಣ ಒಂದು ಸುತ್ತು ಮುಗಿಸಲು ಸುಮಾರು 70 ಸೆಕೆಂಡ್. ತೊಂದರೆ ಹೀಟರಿನದಲ್ಲ, ಓಟದ್ದು. ದಾರಿ ಅಗಲವಾಗಿದೆ, ನೀರು ಜೋರಾಗಿ ಸುತ್ತುತ್ತಿದೆ, ತಣಿಯಲು ಪುರುಸೊತ್ತೇ ಸಿಗುತ್ತಿಲ್ಲ. ಬಿಸಿಯನ್ನು ಹೆಚ್ಚಿಸಿದರೆ ಓಟವೂ ಹೆಚ್ಚಾಗುತ್ತದೆ. ಇಲ್ಲಿ ಬೇಕಾಗಿದ್ದು ಒಂದು ಇಕ್ಕಟ್ಟು.

ಬಲ ತೋಳಿನಲ್ಲಿ, ಐಸ್ ಬಾಟಲಿಯ ಕೆಳಗೆ, 12 ಸೆಂಟಿಮೀಟರ್ ಉದ್ದದ ತುಂಡೊಂದನ್ನು ಬಿಚ್ಚಿ ಹಾಕುವ ಹಾಗೆ ಜೋಡಿಸಿದೆ. ಅದರೊಳಗೆ ಪುಡಿ ಮಾಡಿದ ಬೆಣಚುಕಲ್ಲು ತುಂಬಬೇಕು. ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಲ್ಲಿ ಒಡೆಯಿರಿ, ಕನ್ನಡಕ ಹಾಕಿಕೊಳ್ಳಿ, ಕಲ್ಲನ್ನು ಮೊದಲು ನೆನೆಸಿ. ಒಣ ಬೆಣಚಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಒಡೆದ ಚೂರುಗಳನ್ನು ಲೆನ್ಸಿನಲ್ಲಿ ನೋಡುತ್ತಾ ತುಂಬಾ ಹೊತ್ತು ಕೂತೆ. ಈ ಕಲ್ಲು ಹಾಲಿನ ಹಾಗೆ ಬೆಳ್ಳಗೆ ಕಾಣುವುದು ಅದರೊಳಗೆ ಸಿಕ್ಕಿಬಿದ್ದ ಲೆಕ್ಕವಿಲ್ಲದಷ್ಟು ಸಣ್ಣ ದ್ರವದ ಗುಳ್ಳೆಗಳಿಂದ. ಹರಳು ಬೆಳೆಯುವಾಗ ಸುತ್ತ ಇದ್ದ ನೀರೇ ಅದು, ಮುಚ್ಚಿಟ್ಟ ಸೀಸೆಯ ಹಾಗೆ ಉಳಿದಿದೆ. ಹೆನ್ರಿ ಕ್ಲಿಫ್ಟನ್ ಸಾರ್ಬಿ 1858ರಲ್ಲೇ ಸೂಕ್ಷ್ಮದರ್ಶಕದಲ್ಲಿ ಇವನ್ನು ನೋಡಿ, ಕಲ್ಲು ಹುಟ್ಟಿದಾಗಿನ ಬಿಸಿಯನ್ನು ಇವುಗಳಿಂದ ಅಳೆಯಬಹುದು ಅಂತ ಹೇಳಿದ. ಗುಳ್ಳೆಯ ಒಳಗೆ ದ್ರವ ಇರುತ್ತದೆ, ಅದರೊಳಗೆ ಒಂದು ಆವಿಯ ಗುಳ್ಳೆ. ಬಿಸಿ ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಆವಿ ಗುಳ್ಳೆ ಮಾಯವಾಗುತ್ತದೆ. ಹರಳು ಕಟ್ಟಿದಾಗ ದ್ರವ ಕಡೇಪಕ್ಷ ಅಷ್ಟಾದರೂ ಬಿಸಿ ಇತ್ತು ಅಂತ ಅರ್ಥ. ಕೆಲವು ಕಲ್ಲುಗಳಲ್ಲಿ ಅದೇ ಗುಳ್ಳೆಯೊಳಗೆ ಚೌಕಾಕಾರದ ಉಪ್ಪಿನ ಹರಳೂ ಕೂತಿರುತ್ತದೆ. ನೀರು ಅಷ್ಟು ಉಪ್ಪಾಗಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ನನ್ನ ಲೆನ್ಸಿಗೆ ಅಷ್ಟೆಲ್ಲ ಕಾಣುವುದಿಲ್ಲ. ಆದರೂ ಆ ಬಿಳುಪು ಅಂದರೆ ಹಳೆಯ ನೀರು ಅಂತ ಗೊತ್ತಾದ ಮೇಲೆ ಸುಮ್ನೆ ಪುಡಿ ಮಾಡಲು ಕೈ ಬರಲಿಲ್ಲ. ದೊಡ್ಡದೊಂದು ತುಂಡನ್ನು ಎತ್ತಿಟ್ಟೆ.

ಕಲ್ಲು ತುಂಬಿದ ಮೇಲೆ ನೀರು ಒಂದು ಸುತ್ತು ಮುಗಿಸಲು ಹತ್ತು ನಿಮಿಷ ಹಿಡಿಯಿತು. ಎಡ ತೋಳು 78, ಬಲ ತೋಳು 31. ಹಿಂದೆ ಬಿಳಿ ಹಾಳೆ ಹಿಡಿದೆ. ಎಡಗಡೆ ಎಲೆಹಸಿರು, ಬಲಗಡೆ ನೀಲಿ ಬೆರೆತ ತಿಳಿಹಸಿರು. ಒಂದೇ ನೀರು, ಒಂದೇ ಉಪ್ಪು, ಒಂದೇ ತಾಮ್ರ. ಬಿಸಿ ಇರುವ ಕಡೆ ಕ್ಲೋರೈಡ್ ಬಿಗಿಯಾಗಿ ಹಿಡಿದಿದೆ, ತಂಪಿನ ಕಡೆ ಕೈ ಸಡಿಲ ಮಾಡಿದೆ. ಅದು ಹಾಗೇ ಸುತ್ತುತ್ತಾ ಬಣ್ಣ ಬದಲಾಯಿಸುವುದನ್ನು ನೋಡುತ್ತಾ ಊಟಕ್ಕೆ ಏಳುವುದೂ ಮರೆತಿದ್ದೆ.

ಬಿಸಿಗೆ ಹಿಡಿತ ಯಾಕೆ ಬಿಗಿಯಾಗುತ್ತದೆ? ಭೂಮಿಯೊಳಗೆ ಇದಕ್ಕೆ ಒಂದು ಮುಖ್ಯ ಕಾರಣ ನೀರೇ ಬದಲಾಗುವುದು. ವಿದ್ಯುದಾವೇಶ ಇರುವ ಕಣಗಳನ್ನು ಬೇರೆಬೇರೆಯಾಗಿ ಇಡುವ ಶಕ್ತಿ ನೀರಿಗಿದೆ. ಅದರ ಅಳತೆ (ಡೈಎಲೆಕ್ಟ್ರಿಕ್ ಸ್ಥಿರಾಂಕ) 25 ಡಿಗ್ರಿಯಲ್ಲಿ ಸುಮಾರು 78. ಒತ್ತಡದಲ್ಲಿ ಕುದಿಯದಂತೆ ಹಿಡಿದು 300 ಡಿಗ್ರಿಗೆ ಒಯ್ದರೆ ಅದೇ ಸುಮಾರು 20ಕ್ಕೆ ಇಳಿಯುತ್ತದೆ. ನೀರಿನ ತಡೆ ಕಡಿಮೆಯಾದ ಹಾಗೆ ಲೋಹವೂ ಕ್ಲೋರೈಡೂ ಒಂದನ್ನೊಂದು ಹುಡುಕಿಕೊಂಡು ಅಂಟುತ್ತವೆ.

ಈ ಸಂತೋಷ ಮೂರು ದಿನ. ನಾಲ್ಕನೇ ದಿನ ಮೇಲಿನ ಎಡ ಮೂಲೆಯ ಸಿಲಿಕೋನ್ ಟ್ಯೂಬ್ ಬಿಸಿಗೆ ಸಡಿಲಾಗಿ ಜಿನುಗಿದೆ. ಬಿಸಿ ಹೋಗದಿರಲಿ ಅಂತ ಎಡ ತೋಳಿಗೆ ಹತ್ತಿ ಸುತ್ತಿ, ಮೇಲೆ ಅಲ್ಯೂಮಿನಿಯಂ ಫಾಯಿಲ್ ಹೊದಿಸಿದ್ದೆ. ಸಣ್ಣಗೆ ಸುಯ್ ಅನ್ನುವ ಸದ್ದು ಕೇಳಿ ತಿರುಗಿ ನೋಡಿದರೆ ಫಾಯಿಲ್‌ನಲ್ಲಿ ಅಂಗೈಯಗಲ ತೂತು, ಅಂಚಿನಲ್ಲಿ ಗುಳ್ಳೆ, ಹತ್ತಿಯ ತುಂಬಾ ಇಟ್ಟಿಗೆ ಬಣ್ಣದ ಪುಡಿ. ಆ ಪುಡಿ ತಾಮ್ರ. ಸ್ವಿಚ್ ಆರಿಸಿ, ಕಿಟಕಿ ತೆಗೆದು, ಫಾಯಿಲ್ ಬಿಚ್ಚಿ ಹೊರಗಿಟ್ಟೆ. ಹೀಟರಿನ ವೈರಿಗೆ ತಾಗದೆ ಉಳಿದಿದ್ದು ಒಳ್ಳೆಯದಾಯಿತು.

ಒರೆಸುತ್ತಿರುವಾಗ ಒಂದು ಪ್ರಶ್ನೆ ಕಾಡಿತು. ಫಾಯಿಲ್ ತಿಂದಿದ್ದು ತಾಮ್ರವೋ ಉಪ್ಪೋ? ಎರಡು ಗಾಜಿನ ಲೋಟ ತಗೊಂಡೆ. ಒಂದರಲ್ಲಿ ಬರೀ ಮೈಲುತುತ್ತದ ನೀರು, ಇನ್ನೊಂದರಲ್ಲಿ ಅದೇ ನೀರಿಗೆ ಒಂದು ಚಮಚ ಉಪ್ಪು. ಎರಡಕ್ಕೂ ಹೆಬ್ಬೆರಳಿನ ಉಗುರಿನಷ್ಟು ಫಾಯಿಲ್. ಉಪ್ಪಿಲ್ಲದ ಲೋಟದಲ್ಲಿ ಅರ್ಧ ಗಂಟೆಯಾದರೂ ಫಾಯಿಲ್ ಹೊಳೆಯುತ್ತಲೇ ಇತ್ತು. ಉಪ್ಪಿನ ಲೋಟದಲ್ಲಿ ಕೆಲವೇ ನಿಮಿಷಕ್ಕೆ ಅದು ಕಂದಾಗಿ, ಸುಕ್ಕಾಗಿ, ಚೂರಾಯಿತು. ಲೋಟ ಮುಟ್ಟಿದರೆ ಬೆಚ್ಚಗಿತ್ತು. ಅಲ್ಯೂಮಿನಿಯಂ ಮೇಲೆ ಆಕ್ಸೈಡಿನ ತೆಳು ಪದರ ಇರುತ್ತದೆ, ತಾಮ್ರಕ್ಕೆ ಅದನ್ನು ದಾಟಲು ಆಗುವುದಿಲ್ಲ. ಕ್ಲೋರೈಡ್ ಅದನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಚಿಟಿಕೆ ಉಪ್ಪು ಉದುರಿಸಿ ಮೊದಲ ಲೋಟವನ್ನೂ ಎಬ್ಬಿಸಿದೆ. ಅಕ್ಕನ ಮಗಳಿಗೆ ಇಡೀ ಸುತ್ತಿಗಿಂತ ಜಾಸ್ತಿ ಹಿಡಿಸಿದ್ದು ಈ ಎರಡು ಲೋಟ. ನೀವೂ ಮಾಡುವುದಾದರೆ ಸಣ್ಣ ಚೂರಿನಲ್ಲೇ ಮಾಡಿ, ಲೋಟ ಮುಚ್ಚಬೇಡಿ. ಹೈಡ್ರೋಜನ್ ಹೊರಬರುತ್ತದೆ.

ರಿಪೇರಿ ಸಣ್ಣದೇ. ಮೂಲೆಗಳಿಗೆ ದಪ್ಪ ಗೋಡೆಯ ಟ್ಯೂಬ್, ಪ್ರತಿ ಕೊನೆಗೂ ಎರಡೆರಡು ಪ್ಲಾಸ್ಟಿಕ್ ಟೈ. ಲೋಹದ ಕ್ಲಿಪ್ ಹಾಕಬೇಡಿ, ಉಪ್ಪುನೀರು ಅದನ್ನೂ ತಿನ್ನುತ್ತದೆ. ಫಾಯಿಲ್ ಬದಲು ದಪ್ಪ ಉಣ್ಣೆ ಬಟ್ಟೆ.

ಇನ್ನೊಂದು ತೊಂದರೆ ಗಾಳಿಯದು. ಬಿಸಿಯಾದಾಗ ನೀರಿನಲ್ಲಿ ಕರಗಿದ ಗಾಳಿ ಹೊರಬಂದು ಮೇಲಿನ ತೋಳಿನಲ್ಲಿ ಉದ್ದನೆಯ ಗುಳ್ಳೆಯಾಗಿ ನಿಲ್ಲುತ್ತಿತ್ತು. ಓಟ ನಿಂತುಹೋಗುತ್ತಿತ್ತು. ನೀರನ್ನು ಮೊದಲೇ ಕುದಿಸಿ ಆರಿಸಿದೆ, ಮೇಲಿನ ತೋಳನ್ನು ಬಟ್ಟಲಿನ ಕಡೆಗೆ ಸ್ವಲ್ಪ ಏರುಮುಖ ಮಾಡಿದೆ. ಸರಿಹೋಯಿತು. ನನಗೆ ಗುಳ್ಳೆ ಅಂದರೆ ಕಾಟ, ಚಿನ್ನದ ವಿಷಯದಲ್ಲಿ ಮಾತ್ರ ಅದೇ ದೊಡ್ಡ ಘಟನೆ. ಆಳದ ದ್ರವ ಮೇಲೇರಿ ಒತ್ತಡ ಇಳಿದಾಗ ಕುದಿಯುತ್ತದೆ. ಹೈಡ್ರೋಜನ್ ಸಲ್ಫೈಡ್ ಆವಿಯ ಜೊತೆ ಹೊರಟುಹೋಗುತ್ತದೆ. ಹೊರುತ್ತಿದ್ದ ಬೈಸಲ್ಫೈಡ್ ಕಡಿಮೆಯಾದರೆ ಚಿನ್ನಕ್ಕೆ ನೀರಿನಲ್ಲಿ ನೆಲೆಯಿಲ್ಲ, ಅಲ್ಲೇ ಬೀಳುತ್ತದೆ. ನ್ಯೂಜಿಲೆಂಡಿನ ಬ್ರಾಡ್‌ಲ್ಯಾಂಡ್ಸ್‌ನಲ್ಲಿ ಭೂಶಾಖದ ಬಾವಿಗಳಿವೆ. ಬಿಸಿನೀರಿನ ಒತ್ತಡ ತಟ್ಟನೆ ಇಳಿಯುವ ಜಾಗದ ಉಕ್ಕಿನ ತಟ್ಟೆಗಳ ಮೇಲೆ ಚಿನ್ನ ಇರುವ ಪದರ ಕಟ್ಟಿದ್ದನ್ನು ಕೆವಿನ್ ಬ್ರೌನ್ 1986ರಲ್ಲಿ ವರದಿ ಮಾಡಿದರು. ಕೊಳವೆಯೊಳಗೆ ಮನುಷ್ಯನ ಕಣ್ಣೆದುರೇ ಅದಿರು ಹುಟ್ಟುತ್ತಿತ್ತು.

ಇನ್ನು ಇಳಿಸುವ ಕೆಲಸ. ಗಾಡಿ ಓಡುತ್ತಿದೆ, ಪ್ರಯಾಣಿಕ ಇಳಿಯಬೇಕಲ್ವಾ. ನನ್ನ ಸುತ್ತಿನಲ್ಲಿ ಬರೀ ತಂಪಿಗೆ ತಾಮ್ರ ಬೀಳುವುದಿಲ್ಲ. ಕಲ್ಲಿನ ತುಂಡಿನೊಳಗೆ ಸ್ಟೀಲ್ ವೂಲ್ ಎಳೆಗಳನ್ನು ಬೆಣಚಿನ ಚೂರುಗಳ ನಡುವೆ ಹರಡಿ ಮತ್ತೆ ಜೋಡಿಸಿದೆ. ಕಬ್ಬಿಣ ಎಲೆಕ್ಟ್ರಾನ್ ಕೊಡುತ್ತದೆ, ತಾಮ್ರ ಲೋಹವಾಗಿ ಕೂರುತ್ತದೆ. ನಿಜವಾದ ಬಂಡೆಯಲ್ಲಿ ಕಬ್ಬಿಣದ ಪಾತ್ರ ಸ್ವಲ್ಪ ಬೇರೆ. ಅಲ್ಲಿ ಬಂಡೆಯ ಕಬ್ಬಿಣ ದ್ರವದ ಗಂಧಕವನ್ನು ಎಳೆದುಕೊಂಡು ಪೈರೈಟ್ ಆಗುತ್ತದೆ. ಜೊತೆಗಾರನನ್ನು ಕಳೆದುಕೊಂಡ ಚಿನ್ನ ಅಲ್ಲೇ ಉಳಿಯುತ್ತದೆ. ದಾರಿ ಬೇರೆ, ಆದರೆ ಬಂಡೆ ದ್ರವವನ್ನು ಕೆಡಿಸಿ ಲೋಹವನ್ನು ಇಳಿಸಿಕೊಳ್ಳುವುದು ಎರಡರಲ್ಲೂ ಇದೆ.

ಮೊದಲ ಸಲ ಸ್ಟೀಲ್ ವೂಲ್ ಜಾಸ್ತಿ ಹಾಕಿದೆ. ಇಪ್ಪತ್ತು ನಿಮಿಷಕ್ಕೆ ತಾಮ್ರ ಕಟ್ಟಿಕೊಂಡು ದಾರಿ ಮುಚ್ಚಿತು. ಓಟ ನಿಂತ ನೀರು ಹೀಟರಿನ ಬಳಿಯೇ ಕಾಯತೊಡಗಿತು. 78 ಇದ್ದದ್ದು ನೋಡುನೋಡುತ್ತಿದ್ದಂತೆ 96. ಆರಿಸಿ, ತುಂಡನ್ನು ಬೆರಳಲ್ಲಿ ತಟ್ಟಿದೆ. ಒಳಗೆ ಏನೋ ಬಿಟ್ಟುಕೊಂಡಿತು, ಹಸಿರು ನೀರು ಒಮ್ಮೆಲೇ ನುಗ್ಗಿ ನೀಲಿ ತೋಳನ್ನು ತುಂಬಿತು. ರಿಚರ್ಡ್ ಸಿಬ್ಸನ್ ಮತ್ತು ಜೊತೆಗಾರರು 1988ರಲ್ಲಿ ಭೂಕಂಪಕ್ಕೂ ಚಿನ್ನದ ಎಳೆಗಳಿಗೂ ನಂಟು ಹಾಕಿದ್ದು ಇಂಥದ್ದೇ ಚಿತ್ರದಿಂದ. ಬಿರುಕನ್ನು ಖನಿಜ ಮುಚ್ಚುತ್ತದೆ, ಕೆಳಗೆ ಒತ್ತಡ ಏರುತ್ತದೆ, ಬಂಡೆ ಜಾರುತ್ತದೆ, ದ್ರವ ನುಗ್ಗುತ್ತದೆ, ಮತ್ತೆ ಮುಚ್ಚುತ್ತದೆ. ಎಳೆಗಳಲ್ಲಿ ಪದರದ ಮೇಲೆ ಪದರ ಕಾಣುವುದು ಅದಕ್ಕೇ. ನಾನು ಅವತ್ತೇ 90 ಡಿಗ್ರಿಗೆ ತಾನೇ ಆರುವ ಥರ್ಮಲ್ ಕಟ್‌ಆಫ್ ಹಾಕಿದೆ.

ಎರಡನೇ ಸಲ ಎಳೆ ಎಳೆಯಾಗಿ, ತುಂಬಾ ಕಮ್ಮಿ ಹಾಕಿದೆ. ಮೂರು ಗಂಟೆ ಓಡಿಸಿದೆ. ತಾಮ್ರ ಎಲ್ಲ ಕಡೆ ಸಮನಾಗಿ ಕೂರಲಿಲ್ಲ. ನೀರು ಒಳಬರುವ ಕೊನೆಯಲ್ಲಿ, ಮೊದಲ ಎರಡು ಸೆಂಟಿಮೀಟರಿನಲ್ಲೇ ಮುಕ್ಕಾಲು ಪಾಲು. ಅಲ್ಲಿಂದ ಮುಂದೆ ಅಲ್ಲೊಂದು ಇಲ್ಲೊಂದು ಎಳೆ. ಗಣಿಯಲ್ಲಿ ಒಂದು ಕಡೆ ಸಿಕ್ಕ ಅದಿರು ನಾಲ್ಕು ಹೆಜ್ಜೆ ಆಚೆ ಯಾಕೆ ಇರುವುದಿಲ್ಲ ಅನ್ನುವುದನ್ನು ಈ ಎರಡು ಸೆಂಟಿಮೀಟರ್ ನನಗೆ ಹೇಳಿಕೊಟ್ಟಿತು.

ಪ್ರಮಾಣದ ವಿಷಯದಲ್ಲಿ ಮಾತ್ರ ನನ್ನ ಮಾದರಿಯನ್ನು ನಂಬಬೇಡಿ. ನನ್ನ ನೀರಿನಲ್ಲಿ ಲೀಟರಿಗೆ ಆರು ಗ್ರಾಂಗಿಂತ ಜಾಸ್ತಿ ತಾಮ್ರ ಇದೆ. ಪಪುವಾ ನ್ಯೂ ಗಿನಿಯ ಲಿಹಿರ್ ದ್ವೀಪದಲ್ಲಿ, ಲಾಡೋಲಂ ಗಣಿಯ ಕೆಳಗಿನ ಬಿಸಿ ಉಪ್ಪುನೀರನ್ನು ಸಿಮನ್ಸ್ ಮತ್ತು ಬ್ರೌನ್ 2006ರಲ್ಲಿ ಅಳೆದಾಗ ಸಿಕ್ಕಿದ್ದು ಟನ್ನಿಗೆ ಸುಮಾರು 15 ಮಿಲಿಗ್ರಾಂ ಚಿನ್ನ. ನಾಲ್ಕು ಗ್ರಾಂ ಉಂಗುರಕ್ಕೆ ಸುಮಾರು 267 ಟನ್ ನೀರು ಬೇಕು. ಆದರೂ ಅಲ್ಲಿ ವರ್ಷಕ್ಕೆ ಸುಮಾರು 24 ಕೆಜಿ ಚಿನ್ನ ಮೇಲೆ ಬರುತ್ತದೆ. ಲೆಕ್ಕ ಹಾಕಿದೆ: ಸೆಕೆಂಡಿಗೆ ಸುಮಾರು 50 ಲೀಟರ್ ನೀರು ಹರಿದರೆ ಸಾಕು. ಈ ಲೆಕ್ಕದಲ್ಲಿ ಅಲ್ಲಿನ ಇಡೀ ನಿಕ್ಷೇಪ ಕಟ್ಟಲು ಸುಮಾರು 55,000 ವರ್ಷ. ನಿಕ್ಷೇಪ ಕಟ್ಟಲು ಬೇಕಾಗಿದ್ದು ಚಿನ್ನ ಸಮೃದ್ಧವಾಗಿರುವ ನೀರಲ್ಲ. ಇಕ್ಕಟ್ಟಾದ ಒಂದೇ ದಾರಿ, ಮತ್ತು ಅದೇ ಜಾಗದಲ್ಲಿ ಕೈಬಿಡುವ ಜೊತೆಗಾರ.

ಓಡಿಸಿ ಮುಗಿದ ನೀರನ್ನು ಚರಂಡಿಗೆ ಸುರಿಯಬೇಡಿ, ತಾಮ್ರ ಮೀನುಗಳಿಗೆ ವಿಷ. ನಾನು ಅದಕ್ಕೆ ಉಳಿದ ಸ್ಟೀಲ್ ವೂಲ್ ಹಾಕಿ, ಹಸಿರು ಪೂರ್ತಿ ಹೋಗುವವರೆಗೆ ಎರಡು ದಿನ ಬಿಟ್ಟೆ. ಸೋಸಿ, ತಳದ ಕೆಸರನ್ನು ರಾಸಾಯನಿಕ ಕಸಕ್ಕೆ ಅಂತ ಡಬ್ಬಿಯಲ್ಲಿ ತುಂಬಿಟ್ಟೆ. ಬಳಸಿದ ಲೋಟ, ಚಮಚ ಯಾವುದೂ ಅಡುಗೆಮನೆಗೆ ವಾಪಸ್ ಹೋಗಲಿಲ್ಲ.

ಕಲ್ಲಿನ ತುಂಡನ್ನು ಬಿಚ್ಚಿ ಸಾದಾ ನೀರಿನಲ್ಲಿ ಏಳೆಂಟು ಸಲ ತೊಳೆದೆ. ಉಪ್ಪು ಉಳಿದರೆ ತಾಮ್ರ ವಾರದೊಳಗೆ ಹಸಿರಾಗುತ್ತದೆ. ಸ್ಪಿರಿಟ್ ಹಾಕಿ ಒಣಗಿಸಿ, ಎರಡೂ ಬಾಯಿಗೆ ಬಿರಡೆ ಒತ್ತಿದೆ. ಬಿಳಿ ಚೂರುಗಳ ನಡುವೆ ಕೆಂಪು ಎಳೆಗಳು, ಒಂದು ಕಡೆ ದಟ್ಟ, ಇನ್ನೊಂದು ಕಡೆ ವಿರಳ. ಅಕ್ಕನ ಮಗಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಪೆನ್ನು ತಗೊಂಡು ಪಟ್ಟಿ ಬರೆದು ಅಂಟಿಸಿದಳು: "ತಾಮ್ರ. ಚಿನ್ನ ಅಲ್ಲ. ಉಪ್ಪು ತಂದಿದ್ದು."